ಹಾಸುಹೊಕ್ಕಿನ ದೋಣಿ

ಸ್ಥಳೀಯ ಇತಿಹಾಸದ ಒಂದು ವಸ್ತುಸಂಗ್ರಹಾಲಯದ ಹೊಸ್ತಿಲು ದಾಟಿದೊಡನೆ ಎರಡು ಫಲಕಗಳು ಒಟ್ಟಿಗೇ ಕಣ್ಣಿಗೆ ಬಿದ್ದವು. ಎಡಗಡೆಯದು ಯಾವ ವಸ್ತುವನ್ನೂ ಮುಟ್ಟಬಾರದೆಂದು ಗದರುತ್ತಿತ್ತು. ಬಲಗಡೆಯದು, ಅದಕ್ಕಿಂತ ದೊಡ್ಡ ಅಕ್ಷರಗಳಲ್ಲಿ, ‘ಬನ್ನಿ, ನಿಮ್ಮ ಇತಿಹಾಸಕ್ಕೆ ನೀವೇ ಕೈ ಹಚ್ಚಿ’ ಎಂದು ಕರೆಯುತ್ತಿತ್ತು. ಈ ಎರಡು ಆಜ್ಞೆಗಳನ್ನು ಏಕಕಾಲದಲ್ಲಿ ಪಾಲಿಸುವುದು ಹೇಗೆಂದು ನಾನು ನಿಂತಲ್ಲೇ ಚಿಂತಿಸುತ್ತಿರುವಾಗ, ಕೊರಳಲ್ಲಿ ಗುರುತಿನ ಚೀಟಿ ತೂಗುಹಾಕಿಕೊಂಡಿದ್ದ ಸ್ವಯಂಸೇವಕರೊಬ್ಬರು ನನ್ನ ಅಂಗೈಯನ್ನು ಹಿಡಿದು ನೀಲಿ ಬಣ್ಣದ ತಟ್ಟೆಯಲ್ಲಿ ಅದ್ದಿ, ಗೋಡೆಗೆ ಕಟ್ಟಿದ್ದ ಬಿಳಿಯ ಬಟ್ಟೆಯ ಮೇಲೆ ಒತ್ತಿಸಿ, ‘ಈಗ ನೀವೂ ಇತಿಹಾಸದ ಭಾಗವಾದಿರಿ’ ಎಂದು ಅಭಿನಂದಿಸಿಬಿಟ್ಟರು. ಇಷ್ಟು ವರ್ಷ ಬದುಕಿದರೂ ಆಗದಿದ್ದ ಕೆಲಸ ಅರೆನಿಮಿಷದಲ್ಲಿ ಮುಗಿದಿತ್ತು. ಕೈ ತೊಳೆಯಲು ನೀರೆಲ್ಲಿದೆಯೆಂದು ಕೇಳಿದೆ. ಅದು ಕಾರ್ಯಕ್ರಮದ ಪಟ್ಟಿಯಲ್ಲಿರಲಿಲ್ಲ.

ಆ ದಿನ ನಾನು ಕಲಿತ ಮೊದಲ ಪಾಠವೆಂದರೆ ‘ಸಮುದಾಯ’ ಎಂಬ ಪದದ ಅರ್ಥ. ಉಳಿದ ದಿನಗಳಲ್ಲಿ ಮ್ಯೂಸಿಯಂಗೆ ಬರುವವರು ಕೇವಲ ಸಾರ್ವಜನಿಕರು. ಅವರು ಸಾಲಿನಲ್ಲಿ ನಿಲ್ಲಬೇಕು, ಚೀಲವನ್ನು ಹೊರಗಿಡಬೇಕು, ಗಟ್ಟಿಯಾಗಿ ಮಾತನಾಡಬಾರದು, ಕಾವಲುಗಾರ ಕೀಲಿಗೊಂಚಲು ಅಲ್ಲಾಡಿಸಿದೊಡನೆ ಹೊರನಡೆಯಬೇಕು. ಅದೇ ಜನ ಕಲಾ ಚಟುವಟಿಕೆಯ ದಿನ, ಛಾಯಾಗ್ರಾಹಕ ಬಂದ ಗಳಿಗೆಯಿಂದ ಅವನು ಹೋಗುವ ಗಳಿಗೆಯವರೆಗೆ, ಸಮುದಾಯವಾಗುತ್ತಾರೆ. ಅಂಗೈಯ ಬಣ್ಣ ಒಣಗಿದ ಮೇಲೆ ಮತ್ತೆ ಸಾರ್ವಜನಿಕರಾಗಿ ಚೀಲ ಹುಡುಕಿಕೊಂಡು ಮನೆಗೆ ಹೋಗುತ್ತಾರೆ.

ಇದರ ಹಿಂದೆ ಜಾಗತಿಕ ಮಟ್ಟದ ಚಿಂತನೆಯಿದೆಯೆಂಬುದನ್ನು ಯಾರೂ ಅಲ್ಲಗಳೆಯಬಾರದು. ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ಮಂಡಳಿಯು 2019ರಲ್ಲಿ ಕ್ಯೋಟೋದಲ್ಲಿ ಸೇರಿ, ವಸ್ತುಸಂಗ್ರಹಾಲಯವೆಂದರೇನು ಎಂಬುದನ್ನು ಹೊಸದಾಗಿ ನಿರೂಪಿಸಲು ಹೊರಟು, ಒಮ್ಮತಕ್ಕೆ ಬಾರದೆ ಮತದಾನವನ್ನೇ ಮುಂದಕ್ಕೆ ಹಾಕಿತು. ಮೂರು ವರ್ಷ ತಿಣುಕಿ, 2022ರ ಆಗಸ್ಟ್ 24ರಂದು ಪ್ರಾಗ್ ನಗರದಲ್ಲಿ ಶೇಕಡಾ 92ಕ್ಕೂ ಹೆಚ್ಚು ಮತಗಳಿಂದ ಒಪ್ಪಿದ ವ್ಯಾಖ್ಯೆಯಲ್ಲಿ ಸಂಶೋಧಿಸುವುದು, ಸಂಗ್ರಹಿಸುವುದು, ಸಂರಕ್ಷಿಸುವುದು, ಅರ್ಥೈಸುವುದು, ಪ್ರದರ್ಶಿಸುವುದು ಎಂಬ ಐದು ಕೆಲಸಗಳನ್ನು ಹೇಳಿ, ಸಂಸ್ಥೆಯು ಸಮುದಾಯಗಳ ಸಹಭಾಗಿತ್ವದೊಡನೆ ನಡೆಯಬೇಕೆಂದೂ ಸೇರಿಸಿತು. ನಾನು ಕಂಡ ಮ್ಯೂಸಿಯಂನವರು ಈ ವಾಕ್ಯವನ್ನು ಬಲು ಶ್ರದ್ಧೆಯಿಂದ ಓದಿದ್ದಾರೆ. ಐದು ಕೆಲಸಗಳಿಗೆ ಸಿಬ್ಬಂದಿ ಬೇಕು, ಓದು ಬೇಕು, ವರ್ಷಗಟ್ಟಲೆ ತಾಳ್ಮೆ ಬೇಕು. ಸಹಭಾಗಿತ್ವಕ್ಕಾದರೆ ಮೂರು ಡಬ್ಬ ಬಣ್ಣ, ಒಂದು ಥಾನು ಬಟ್ಟೆ ಸಾಕು. ಆದ್ದರಿಂದ ಕೊನೆಯ ಅಂಶವನ್ನು ಮೊದಲು ಮುಗಿಸಿಕೊಂಡು, ಮೊದಲಿನ ಐದನ್ನು ಮುಂದಿನ ಹಂತಕ್ಕೆ ಬಿಟ್ಟಿದ್ದಾರೆ. 1977ರಿಂದ ಪ್ರತಿ ವರ್ಷ ಮೇ 18ರ ಸುಮಾರಿಗೆ ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ ಆಚರಣೆಗೆ ಬರುತ್ತಿರುವುದರಿಂದ, ಬಣ್ಣದ ಡಬ್ಬಗಳಿಗಂತೂ ಕೆಲಸ ತಪ್ಪುವುದಿಲ್ಲ.

ಸಂರಕ್ಷಣೆಯ ಶಾಸ್ತ್ರ ಬಲ್ಲವರು ಹಳೆಯ ಬಟ್ಟೆ, ಜಲವರ್ಣದ ಚಿತ್ರ, ಕಾಗದಗಳ ಮೇಲೆ ಬೀಳುವ ಬೆಳಕು 50 ಲಕ್ಸ್, ಅಂದರೆ ಮಂದ ಬೆಳಕಿನ ಮಟ್ಟ, ಮೀರದಿರಲಿ ಎನ್ನುತ್ತಾರೆ. ವಸ್ತುಗಳ ಹತ್ತಿರ ಶಾಯಿಯ ಪೆನ್ನು ತರದೆ ಸೀಸದ ಕಡ್ಡಿಯಲ್ಲೇ ಬರೆಯಿರಿ ಎನ್ನುತ್ತಾರೆ. ಹಿಟ್ಟಿನ ಅಂಟು, ತಿಂಡಿಯ ಚೂರುಗಳು ಬೆಳ್ಳಿಮೀನು ಹುಳುಗಳಿಗೂ ಜೀರುಂಡೆಗಳಿಗೂ ಆಹ್ವಾನಪತ್ರಿಕೆ ಎನ್ನುತ್ತಾರೆ. ನಾನು ಕಂಡ ಸಭಾಂಗಣದಲ್ಲಿ ಕೈಗುರುತಿನ ಬಟ್ಟೆಗೆ ಚೆನ್ನಾಗಿ ಬೆಳಕು ಬೀಳಲೆಂದು ಎರಡು ಪ್ರಖರ ದೀಪಗಳನ್ನು ನಿಲ್ಲಿಸಿದ್ದರು, ಮತ್ತು ಅವುಗಳ ನೇರಕ್ಕೆ ಗಾಜಿನ ಪೆಟ್ಟಿಗೆಯಲ್ಲಿ ನೂರು ವರ್ಷದ ಕಸೂತಿಯ ಅಂಗಿಯೊಂದು ಬೇಯುತ್ತಿತ್ತು. ಪೆಟ್ಟಿಗೆಯ ಮೇಲೆ ಅಂಟಿನ ಬಟ್ಟಲು. ಇತ್ತೀಚಿನ ಕಲೆಗೆ ಹಳೆಯ ಕಲೆ ಮೇಜಾಗಿ ಒದಗುವುದನ್ನೇ ಪರಂಪರೆಯ ಮುಂದುವರಿಕೆ ಎನ್ನುತ್ತಾರೇನೋ. ಬೆಳ್ಳಿಮೀನುಗಳ ದೃಷ್ಟಿಯಿಂದ ನೋಡಿದರೆ ಇಷ್ಟು ಮುಕ್ತವಾಗಿ ಎಲ್ಲರನ್ನೂ ಒಳಗೊಳ್ಳುವ ಸಂಸ್ಥೆ ಇನ್ನೊಂದಿಲ್ಲ.

ಇನ್ನೊಂದು ಮೇಜಿನ ಮೇಲೆ ಜೇಡಿಮಣ್ಣಿತ್ತು. 1925ರಲ್ಲಿ ಪುರಾತತ್ವಜ್ಞ ಲಿಯೊನಾರ್ಡ್ ವೂಲಿ ಇಂದಿನ ಇರಾಕ್‌ನಲ್ಲಿರುವ ಪ್ರಾಚೀನ ಉರ್ ನಗರದ ಅವಶೇಷಗಳಲ್ಲಿ ಅಗೆಯುತ್ತಿದ್ದಾಗ, ಬೇರೆ ಬೇರೆ ಕಾಲದ ವಸ್ತುಗಳು ಒಂದೇ ಕಡೆ ಜೋಡಿಸಿಟ್ಟಂತೆ ಸಿಕ್ಕವು. ಜೊತೆಗೆ ಒಂದು ಹಳೆಯ ವಸ್ತುವಿನ ವಿವರವನ್ನು ಕೊರೆದಿದ್ದ ಮಣ್ಣಿನ ಉರುಳೆಯೂ ಸಿಕ್ಕಿತು. ಅದನ್ನು ಸುಮಾರು 2,500 ವರ್ಷಗಳ ಹಿಂದಿನ ರಾಜಕುಮಾರಿ ಎನ್ನಿಗಾಲ್ಡಿ ನನ್ನಾಳ ಮ್ಯೂಸಿಯಂ ಎಂದೂ, ಆ ಉರುಳೆಯನ್ನು ಮ್ಯೂಸಿಯಂ ಚೀಟಿಯೆಂದೂ ವೂಲಿ ಗುರುತಿಸಿದ. ಅಂದಿನವರು ಮಣ್ಣಿನಲ್ಲಿ ವಿವರ ಬರೆದರು; ಇಂದಿನವರು ಮಣ್ಣಿನಲ್ಲಿ ಉಂಡೆ ಕಟ್ಟಿಸುತ್ತಾರೆ. ವಿವರಗಳನ್ನು ಎಲ್ಲಿಟ್ಟಿದ್ದಾರೆಂದು ನೋಡಲು ನಾನು ಗಾಜಿನ ಪೆಟ್ಟಿಗೆಗಳತ್ತ ನಡೆದೆ.

ಅಲ್ಲಿಯೇ ದೋಣಿಯ ದರ್ಶನವಾದದ್ದು. ಗೇಣುದ್ದಕ್ಕಿಂತ ತುಸು ಹೆಚ್ಚಿನ, ಎರಡು ತುದಿಗಳೂ ಚೂಪಾದ, ಮಧ್ಯದಲ್ಲಿ ಕುಳಿ ತೋಡಿದ, ಸವೆದು ನುಣುಪಾದ ಮರದ ವಸ್ತು. ಅದರ ಕೆಳಗಿನ ಚೀಟಿಯಲ್ಲಿ ‘ಮಕ್ಕಳ ಆಟಿಕೆ ದೋಣಿ. ಮರ. ಕಾಲ: ಹಳೆಯದು’ ಎಂದು ಬರೆದಿತ್ತು. ತುದಿಗಳಿಗೆ ತೊಡಿಸಿದ್ದ ಲೋಹದ ಮೊನೆಗಳನ್ನು ಬಂಡೆಗೆ ಬಡಿದರೂ ಒಡೆಯದಿರಲೆಂಬ ಮುನ್ನೆಚ್ಚರಿಕೆಯೆಂದೂ, ಪಕ್ಕದಲ್ಲಿದ್ದ ಸಣ್ಣ ರಂಧ್ರವನ್ನು ಒಳನುಗ್ಗಿದ ನೀರು ಹೊರಹೋಗುವ ವ್ಯವಸ್ಥೆಯೆಂದೂ ವಿವರಿಸಿ, ಪೂರ್ವಿಕರ ನೌಕಾಜ್ಞಾನವನ್ನು ಎರಡು ಸಾಲಿನಲ್ಲಿ ಕೊಂಡಾಡಿದ್ದರು. ನೀರು ಹೊರಹೋಗಲೆಂದು ದೋಣಿಗೆ ತೂತು ಕೊರೆದ ಪೂರ್ವಿಕರ ಸಂತತಿ ಉಳಿದುಬಂದದ್ದು ಹೇಗೆಂಬ ಪ್ರಶ್ನೆಗೆ ಚೀಟಿಯಲ್ಲಿ ಜಾಗ ಸಾಲದಾಗಿರಬೇಕು.

ಅಂದಿನ ಕಲಾ ಚಟುವಟಿಕೆಯ ವಿಷಯವೇ ಈ ದೋಣಿ. ಅದರ ರೇಖಾಚಿತ್ರದ ಪ್ರತಿಗಳನ್ನು ಮಕ್ಕಳಿಗೆ ಹಂಚಿ ಬಣ್ಣ ತುಂಬಿಸಲಾಗುತ್ತಿತ್ತು. ಮಕ್ಕಳು ಅದಕ್ಕೆ ಹಾಯಿ ಕಟ್ಟಿದರು, ಅಲೆ ಎಬ್ಬಿಸಿದರು, ತಿಮಿಂಗಿಲವನ್ನೂ ಕರೆತಂದರು. ದೊಡ್ಡವರು ಗೋಡೆಯ ಮೇಲೆ ‘ನಮ್ಮ ಪಯಣ’ ಎಂಬ ಭಿತ್ತಿಚಿತ್ರ ಬರೆಯುತ್ತಿದ್ದರು. ಆ ದೋಣಿಯಲ್ಲಿ ಇಡೀ ಸಮುದಾಯ ಕೈಬೀಸುತ್ತ ಕುಳಿತಿತ್ತು.

ಆಗ ಮೊಮ್ಮಗಳ ಕೈ ಹಿಡಿದು ಬಂದಿದ್ದ ಒಬ್ಬ ಅಜ್ಜಿ ಪೆಟ್ಟಿಗೆಯ ಮುಂದೆ ನಿಂತು, ಗಾಜಿಗೆ ಮೂಗು ತಾಗುವಷ್ಟು ಬಾಗಿ ನೋಡಿ, ನಕ್ಕರು. ‘ಇದು ದೋಣಿಯಲ್ಲಪ್ಪ, ಲಾಳಿ’ ಎಂದು ಸ್ವಯಂಸೇವಕರಿಗೆ ಹೇಳಿದರು. ನಡುವಿನ ಕುಳಿಯಲ್ಲಿ ನೂಲು ಸುತ್ತಿದ ಕಂಡಿಕೆ ಕೂರುತ್ತದೆ, ಮಗ್ಗದ ಈ ಬದಿಯಿಂದ ಆ ಬದಿಗೆ ಬಡಿದು ಬಡಿದು ಮೊನೆ ಸೀಳಬಾರದೆಂದು ಲೋಹ ತೊಡಿಸುತ್ತಾರೆ, ಈ ತೂತಿಗೆ ಬಾಯಿಟ್ಟು ಉಸಿರೆಳೆದು ನೂಲಿನ ತುದಿಯನ್ನು ಹೊರಗೆ ತೆಗೆಯುತ್ತಿದ್ದೆವು, ಎಳೆದೆಳೆದು ನನ್ನ ಮುಂದಿನ ಹಲ್ಲು ಹೀಗಾಯಿತು ನೋಡು, ಎಂದು ಹಲ್ಲನ್ನೂ ತೋರಿಸಿದರು. ಮೂವತ್ತು ವರ್ಷ ಮಗ್ಗದ ಮುಂದೆ ಕುಳಿತವರಂತೆ ಅವರು. 1733ರಲ್ಲಿ ಇಂಗ್ಲೆಂಡಿನ ಜಾನ್ ಕೇ, ಹಗ್ಗ ಎಳೆದರೆ ತಾನೇ ಆಚೀಚೆ ಓಡುವ ‘ಹಾರುವ ಲಾಳಿ’ಗೆ ಪೇಟೆಂಟ್ ಪಡೆದ ಮೇಲೆ, ಎರಡಾಳು ಬೇಕಿದ್ದ ಅಗಲದ ಬಟ್ಟೆಯನ್ನು ಒಬ್ಬನೇ ನೇಯುವಂತಾಗಿ, ನೂಲುವವರು ನೇಯುವವರಿಗೆ ನೂಲು ಪೂರೈಸಲಾರದೆ ಹೋದದ್ದು ಕೈಗಾರಿಕೆಯ ಚರಿತ್ರೆಯಲ್ಲಿ ದೊಡ್ಡ ಅಧ್ಯಾಯ. ಆ ಅಧ್ಯಾಯವನ್ನು ಬಾಯಿಂದ ಉಸಿರೆಳೆದು ಬಲ್ಲ ಒಬ್ಬರು, ಕರೆಯದೆ ಬಂದು ಮ್ಯೂಸಿಯಂನ ಮುಂದೆ ನಿಂತಿದ್ದರು.

ಸ್ವಯಂಸೇವಕರು ಎಲ್ಲವನ್ನೂ ಬಹಳ ಗೌರವದಿಂದ ಕೇಳಿಸಿಕೊಂಡರು. ‘ಎಷ್ಟು ಸೊಗಸಾದ ನೆನಪು ಅಜ್ಜಿ, ದಯವಿಟ್ಟು ಇದನ್ನು ನೆನಪಿನ ಮರಕ್ಕೆ ಕೊಡಿ’ ಎಂದು ಹಸಿರು ಕಾಗದದ ಎಲೆಯೊಂದನ್ನೂ ಸ್ಕೆಚ್ ಪೆನ್ನನ್ನೂ ನೀಡಿದರು. ಮೂಲೆಯಲ್ಲಿ ರಟ್ಟಿನ ಮರವೊಂದಿತ್ತು. ಅದಕ್ಕೆ ‘ಮ್ಯೂಸಿಯಂ ತುಂಬ ಚೆನ್ನಾಗಿದೆ’, ‘ಐ ಲವ್ ಇತಿಹಾಸ’ ಎಂಬ ಎಲೆಗಳು ತೂಗುತ್ತಿದ್ದವು. ಎಲೆ ಅಂಗೈಯಗಲದ್ದು. ಮೊಮ್ಮಗಳು ಅಜ್ಜಿ ಹೇಳಿದಂತೆ ಬರೆಯಲು ಹೋಗಿ, ‘ಇದು ದೋಣಿ ಅಲ್ಲ, ಲಾ’ ಎನ್ನುವಷ್ಟರಲ್ಲಿ ಜಾಗ ಮುಗಿದು, ‘ಳಿ’ಯನ್ನು ಹಿಂಬದಿಗೆ ಬರೆದಳು. ಎಲೆಯನ್ನು ಮರಕ್ಕೆ ಅಂಟಿಸುವ ಚಿತ್ರ ತೆಗೆದರು. ಚೀಟಿಯನ್ನು ಬದಲಿಸುವರೇ ಎಂದು ನಾನು ಕೇಳಿದಾಗ, ಚೀಟಿಯು ಕ್ಯುರೇಟರ್ ವಿಭಾಗದ್ದೆಂದೂ, ಮರವು ಸಮುದಾಯ ವಿಭಾಗದ್ದೆಂದೂ, ಒಂದರ ಕಡತ ಇನ್ನೊಂದಕ್ಕೆ ಹೋಗುವ ಪದ್ಧತಿಯಿಲ್ಲವೆಂದೂ ತಿಳಿಯಿತು. ಮರದ ಎಲೆಗಳು ಏನಾಗುತ್ತವೆ ಎಂದೆ. ಹಬ್ಬ ಮುಗಿದ ಮೇಲೆ ಉದುರುತ್ತವೆ ಎಂದರು. ಪ್ರಕೃತಿಸಹಜವೇ ಸರಿ.

ಷೆರ್ರಿ ಆರ್ನ್‌ಸ್ಟೈನ್ 1969ರಲ್ಲಿ ಬರೆದ ಲೇಖನವೊಂದರಲ್ಲಿ ನಾಗರಿಕರ ಸಹಭಾಗಿತ್ವಕ್ಕೆ ಎಂಟು ಮೆಟ್ಟಿಲುಗಳ ಏಣಿಯನ್ನು ಕಲ್ಪಿಸಿದ್ದರು. ಕೆಳಗಿನ ಎರಡು ಮೆಟ್ಟಿಲುಗಳಲ್ಲಿ ಸಹಭಾಗಿತ್ವವೇ ಇಲ್ಲ, ನಡುವಿನ ಮೂರರಲ್ಲಿ ಅದರ ತೋರಿಕೆಯಿದೆ, ಮೇಲಿನ ಮೂರರಲ್ಲಿ ಮಾತ್ರ ಜನರ ಕೈಗೆ ಅಧಿಕಾರ ಬರುತ್ತದೆ ಎಂಬುದು ಅವರ ವಾದ. ನನ್ನ ಮ್ಯೂಸಿಯಂನವರು ಈ ಏಣಿಯನ್ನೂ ಬಲ್ಲರು; ಕೈಗುರುತಿನ ಬಟ್ಟೆಯನ್ನು ಗೋಡೆಗೆ ಮೊಳೆ ಹೊಡೆಯಲು ಏಣಿ ಬೇಕೇ ಬೇಕಲ್ಲ.

ಜನರನ್ನು ನಿಜವಾಗಿ ಒಳಗೆ ಬಿಟ್ಟರೆ ಏನಾಗುತ್ತದೆಂಬುದಕ್ಕೆ ಭಯಾನಕ ಉದಾಹರಣೆಗಳಿವೆ. ವಾಷಿಂಗ್ಟನ್ ನಗರದ ಅನಕೋಸ್ಟಿಯಾ ಬಡಾವಣೆಯಲ್ಲಿ 1967ರಲ್ಲಿ ಹಳೆಯ ಚಿತ್ರಮಂದಿರವೊಂದರೊಳಗೆ ಸ್ಮಿತ್ಸೋನಿಯನ್ ಸಂಸ್ಥೆ ನೆರೆಹೊರೆಯ ಮ್ಯೂಸಿಯಂ ತೆರೆಯಿತು. ನಿರ್ದೇಶಕ ಜಾನ್ ಕಿನಾರ್ಡ್ ಮತ್ತು ಸಂಗಡಿಗರು ಬಡಾವಣೆಯವರ ಮಾತಿಗೆ ಕಿವಿಗೊಟ್ಟದ್ದೇ ತಪ್ಪಾಯಿತು. ಅಲ್ಲಿನ ಮನೆಗಳನ್ನು ಕಾಡುತ್ತಿದ್ದದ್ದು ಇಲಿ. 1969ರಲ್ಲಿ ಜೀವಂತ ಇಲಿಗಳನ್ನೇ ಇಟ್ಟು, ಅವುಗಳ ಕಾಟದ ಕುರಿತೇ ಪ್ರದರ್ಶನ ಏರ್ಪಡಿಸಬೇಕಾಗಿ ಬಂತು. ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನ ಡಿಸ್ಟ್ರಿಕ್ಟ್ ಸಿಕ್ಸ್ ಮ್ಯೂಸಿಯಂ ಇನ್ನೂ ಮುಂದೆ ಹೋಯಿತು. 1966ರಲ್ಲಿ ಅಲ್ಲಿನ ವರ್ಣಭೇದದ ಸರ್ಕಾರ ಬಿಳಿಯರಿಗೆ ಮೀಸಲೆಂದು ಸಾರಿ, ಮುಂದೆ ಸುಮಾರು 60,000 ಜನರನ್ನು ಎಬ್ಬಿಸಿ ಕೆಡವಿದ ಬಡಾವಣೆಯದು. 1994ರಲ್ಲಿ ತೆರೆದ ಆ ಮ್ಯೂಸಿಯಂನ ನೆಲದ ತುಂಬ ಬೀದಿಗಳ ನಕ್ಷೆ ಹಾಸಿ, ಅಲ್ಲಿ ಬದುಕಿದ್ದವರೇ ಮಂಡಿಯೂರಿ ತಮ್ಮ ಮನೆಯಿದ್ದ ಜಾಗವನ್ನು ತಮ್ಮ ಕೈಯಾರೆ ಗುರುತಿಸಿದರು. ಬಂದವರು ಬಟ್ಟೆಯ ಮೇಲೆ ಬರೆದ ಮಾತುಗಳನ್ನು ಆಮೇಲೆ ದಾರದಲ್ಲಿ ಕಸೂತಿ ಹಾಕಿ ಅಳಿಯದಂತೆ ಮಾಡಿದರು. ಅಲ್ಲಿಯೂ ಬಟ್ಟೆ, ಇಲ್ಲಿಯೂ ಬಟ್ಟೆ. ಆದರೆ ಅಲ್ಲಿನದರಲ್ಲಿ ಹೆಸರಿತ್ತು, ವಿಳಾಸವಿತ್ತು, ನೆಲ ಯಾರದಾಗಿತ್ತೆಂಬ ಮಾತಿತ್ತು. ಇಲ್ಲಿನದರಲ್ಲಿ ನೀಲಿ ಅಂಗೈಗಳಿವೆ, ಮತ್ತು ಅವುಗಳಲ್ಲಿ ನನ್ನದು ಯಾವುದೆಂದು ನನಗೇ ಗೊತ್ತಾಗುವುದಿಲ್ಲ. ಅಂಗೈ ಆಕ್ಷೇಪ ಎತ್ತುವುದಿಲ್ಲ, ಚೀಟಿ ತಪ್ಪೆನ್ನುವುದಿಲ್ಲ, ಛಾಯಾಚಿತ್ರದಲ್ಲಿ ಚೆನ್ನಾಗಿ ಬೀಳುತ್ತದೆ. ಆಡಳಿತದ ದೃಷ್ಟಿಯಿಂದ ಜನರ ದೇಹದಲ್ಲಿ ಇದಕ್ಕಿಂತ ಅನುಕೂಲಕರವಾದ ಅಂಗವಿಲ್ಲ. ಬಾಯಿಯಂತೂ ಲಾಳಿಯ ತೂತಿಗೆ ಇಟ್ಟು ಅಭ್ಯಾಸವಾದದ್ದು, ಏನನ್ನಾದರೂ ಹೊರಗೆಳೆದುಬಿಡಬಹುದು.

ಸಮಾರೋಪಕ್ಕೆ ಬಂದ ಗಣ್ಯರು ಭಾಷಣ ಮಾಡಿದರು. ಸಮುದಾಯವು ಇತಿಹಾಸದಲ್ಲಿ ಹಾಸುಹೊಕ್ಕಾಗಿದೆ ಎಂದು ಅವರು ಮೂರು ಸಲ ಹೇಳಿದರು. ಹಾಸೆಂದರೆ ಮಗ್ಗದ ಉದ್ದನೂಲು, ಹೊಕ್ಕೆಂದರೆ ಅದರೊಳಗೆ ಲಾಳಿ ಹೊತ್ತೊಯ್ಯುವ ಅಡ್ಡನೂಲು ಎಂಬುದು ಆ ಸಭೆಯಲ್ಲಿ ಬಹುಶಃ ಒಬ್ಬರಿಗೇ ನೆನಪಿದ್ದಿರಬೇಕು. ಅವರು ಹಿಂದಿನ ಸಾಲಿನಲ್ಲಿ ಕುಳಿತು ಅಂಗೈಗೆ ಹತ್ತಿದ ಬಣ್ಣವನ್ನು ಸೆರಗಿಗೆ ತಾಗದಂತೆ ಕೈಯನ್ನು ದೂರ ಹಿಡಿದುಕೊಂಡಿದ್ದರು. ಭಿತ್ತಿಚಿತ್ರದ ದೋಣಿಯನ್ನೇ ಮ್ಯೂಸಿಯಂನ ಲಾಂಛನವಾಗಿ ಸ್ವೀಕರಿಸಲಾಗಿದೆ ಎಂಬ ಘೋಷಣೆಗೆ ಚಪ್ಪಾಳೆ ಬಿತ್ತು. ಬಣ್ಣ ಹಸಿಯಾಗಿದ್ದರಿಂದ ಸದ್ದು ಸ್ವಲ್ಪ ಮಂದವಾಗಿಯೇ ಇತ್ತು.

ಹೊರಡುವ ಮುನ್ನ ಕಚೇರಿಯ ಗುಮಾಸ್ತರನ್ನು ಕೇಳಿಕೊಂಡೆ. ಒಳ್ಳೆಯ ಮನುಷ್ಯ, ದಾಖಲೆ ಪುಸ್ತಕವನ್ನು ತೆರೆದು ತೋರಿಸಿದರು. ವಸ್ತು ಬಂದ ವರ್ಷ, ಕೊಡುಗೆಯ ಸಂಖ್ಯೆ, ವಸ್ತುವಿನ ಸಂಖ್ಯೆ ಎಂದು ಚುಕ್ಕೆಯಿಟ್ಟು ಬರೆಯುವ ಕ್ರಮ ಅಚ್ಚುಕಟ್ಟಾಗಿತ್ತು. ಮಗ್ಗ, ದೋಣಿ ಎರಡೂ ಒಂದೇ ವರ್ಷ, ಒಂದೇ ಕೊಡುಗೆಯಲ್ಲಿ, ಒಂದೇ ಮನೆಯಿಂದ ಬಂದಿದ್ದವು, ಸಂಖ್ಯೆಗಳೂ ಅಕ್ಕಪಕ್ಕ. ದೋಣಿಯ ಎದುರಿನ ಷರಾದಲ್ಲಿ ‘ಸುಸ್ಥಿತಿಯಲ್ಲಿದೆ’ ಎಂದಿತ್ತು. ಅದರ ಮೇಲಿನ ಸಾಲಿನಲ್ಲಿ, ಮಗ್ಗದ ಎದುರು, ಅದೇ ಕೈಬರಹದಲ್ಲಿ, ‘ಅಪೂರ್ಣ. ಲಾಳಿ ಕಾಣೆಯಾಗಿದೆ’ ಎಂದು ಬರೆದಿತ್ತು.