ಸರ್ವೇಗೆ ನಮ್ಮೂರು, ಫೆಲೋಶಿಪ್‌ಗೆ ಯಾರೂರು?

ಇವತ್ತು ಬರಹ ಉದ್ದ ಆಗುತ್ತೆ, ಮೊದಲೇ ಹೇಳಿಬಿಡ್ತೀನಿ. ಸಿಟ್ಟು ಇಳಿಯೋವರೆಗೂ ಬರೆಯೋದು ನನ್ನ ಅಭ್ಯಾಸ ಅಂತ ನಿಮಗೆ ಗೊತ್ತೇ ಇದೆ.

ನಿನ್ನೆ ರಾಯಚೂರು ಜಿಲ್ಲೆಯ ದೇವದುರ್ಗ ತಾಲೂಕಿನ ಒಂದು ಹಳ್ಳಿಗೆ ಹೋಗಿದ್ದೆ. ಹೊರಗಿನ ಒಂದು ದೊಡ್ಡ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ ಹುಡುಗಿಯೊಬ್ಬಳು ಬಂದಿದ್ದಳು. ಬಾಣಂತಿಯರ ರಕ್ತಹೀನತೆ ಆಕೆಯ ವಿಷಯ. ಕೈಯಲ್ಲಿ ಟ್ಯಾಬ್, ಬಾಡಿಗೆ ಕಾರು, ನೂರೆಂಟು ಪ್ರಶ್ನೆ. ಕನ್ನಡ ಬರಲ್ಲ. ಹಾಗಾಗಿ ಜೊತೆಗೆ ನಮ್ಮ ಕಡೆಯ ಹುಡುಗಿಯೊಬ್ಬಳು, ದಿನಗೂಲಿ ಲೆಕ್ಕದಲ್ಲಿ 'ಫೀಲ್ಡ್ ಇನ್ವೆಸ್ಟಿಗೇಟರ್'. ಈ ಹುಡುಗಿ ಎಂಪಿಎಚ್ ಮುಗಿಸಿದ್ದಾಳೆ. ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ. ಫಸ್ಟ್ ಕ್ಲಾಸ್.

ಒಂದು ಮನೆಯಲ್ಲಿ ಕಬ್ಬಿಣಾಂಶದ ಗುಳಿಗೆ ತಗೊಂಡ್ರಾ ಅನ್ನೋ ಪ್ರಶ್ನೆ ಬಂತು. 'ಹ್ಞೂಂ ರೀ, ಆಶಾ ಕೊಟ್ಟಿದ್ದೆಲ್ಲಾ ನುಂಗೀನ್ರಿ' ಅಂದಳು ಬಾಣಂತಿ. ಟ್ಯಾಬ್‌ನಲ್ಲಿ 'ಹೌದು' ಒತ್ತಿ ಆಯ್ತು, ಮುಂದಿನ ಪ್ರಶ್ನೆ. ನಮ್ಮ ಹುಡುಗಿ ಮಾತ್ರ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಗಂಡಸರಿಗೆ ಕೇಳದ ಹಾಗೆ ದನಿ ತಗ್ಗಿಸಿ ಕೇಳಿದಳು: 'ಅಕ್ಕಾ, ನುಂಗಿದಾಗ ಸಂಡಾಸು ಕರ್ರಗ ಬರ್ತಿತ್ತೇನು?' ಬಾಣಂತಿ ಸೆರಗು ಬಾಯಿಗೆ ಹಿಡಿದು ನಕ್ಕಳು. 'ಇಲ್ಲವಾ, ಹಂಗೇನ್ ಆಗಿಲ್ಲ.' ಆಮೇಲೆ ತಾನೇ ಎದ್ದು ಹೋಗಿ ಗೋಡೆ ಗೂಡಿನಿಂದ ಗುಳಿಗೆ ಪಟ್ಟಿಗಳನ್ನ ತಂದು ತೋರಿಸಿದಳು. ಒಂದರಲ್ಲಿ ಎರಡು ಗುಳಿಗೆ ಖಾಲಿ. ಉಳಿದದ್ದು ಹಾಗೇ ಇತ್ತು. 'ಎರಡು ತಿಂದೆ, ವಾಕರಿಕಿ ಬಂತು, ಬಿಟ್ಟೆ.'

ಕಬ್ಬಿಣದ ಗುಳಿಗೆ ತಿಂದರೆ ಮಲ ಕಪ್ಪಗಾಗುತ್ತೆ. ಪುಸ್ತಕದಲ್ಲಿ ಎಲ್ಲರೂ ಓದಿರ್ತಾರೆ. ಅದನ್ನ ಹೀಗೆ, ಆ ಮನೆಯ ಅಂಗಳದಲ್ಲಿ ಕೂತು, ಆಕೆಗೆ ಅವಮಾನ ಆಗದ ಹಾಗೆ ಕೇಳಬಹುದು ಅಂತ ಆ ನೂರೆಂಟು ಪ್ರಶ್ನೆ ಬರೆದವರಿಗೆ ಹೊಳೆದಿರಲಿಲ್ಲ. ನಮ್ಮ ಹುಡುಗಿಗೆ ಹೊಳೆಯಿತು. ಸಂಶೋಧನೆ ಅಂದ್ರೆ ಇನ್ನೇನು ಹೇಳಿ?

ವಾಪಸ್ ಬರುವಾಗ ಆಕೆ ಮೆಲ್ಲಗೆ ಕೇಳಿದಳು, 'ಅಕ್ಕಾ, ಆ ಮೇಡಂಗೆ ಪಗಾರ ಯಾರು ಕೊಡ್ತಾರ್ರಿ?' ಫೆಲೋಶಿಪ್ ಇದೆ, ಜೆಆರ್‌ಎಫ್ ಅಂತ, ಸಂಶೋಧನೆ ಮಾಡೋರಿಗೆ ಸರ್ಕಾರ ಕೊಡೋ ಹಣ, ತಿಂಗಳಿಗೆ 37,000, ಮೇಲೆ ಮನೆ ಬಾಡಿಗೆ ಭತ್ಯೆ ಬೇರೆ ಅಂದೆ. 'ಹೌದಾ. ಅದು ಡಾಕ್ಟರ್ ಆದವ್ರಿಗೆ ಅಷ್ಟೇ ಅಲ್ರೀ?'

ಇಲ್ಲಿ ನನ್ನ ತಲೆ ಕೆಟ್ಟಿತು.

ಅಲ್ಲ ಕಣಮ್ಮ, ಡಾಕ್ಟರ್ ಆದವರಿಗೆ ಅಷ್ಟೇ ಅಲ್ಲ! ಯುಜಿಸಿ ನೆಟ್ ಅಂತ ರಾಷ್ಟ್ರಮಟ್ಟದ ಪರೀಕ್ಷೆ ಇದೆ, ಜೆಆರ್‌ಎಫ್ ಸಿಗೋದು ಅದರಿಂದ. ಅದರಲ್ಲಿ 'ಸೋಷಿಯಲ್ ಮೆಡಿಸಿನ್ ಅಂಡ್ ಕಮ್ಯುನಿಟಿ ಹೆಲ್ತ್' ಅಂತ ಒಂದು ವಿಷಯವೇ ಇದೆ. ಕೋಡ್ 82. ನಿನ್ನಂಥವರಿಗೇ ಇರೋದು ಅದು. ವರ್ಷಕ್ಕೆ ಎರಡು ಸಲ ಪರೀಕ್ಷೆ, ಜೂನ್ ಒಂದು, ಡಿಸೆಂಬರ್ ಒಂದು. ಜೆಆರ್‌ಎಫ್ ಸಿಕ್ಕಿ ಪಿಎಚ್‌ಡಿಗೆ ಸೇರಿದರೆ ಮೊದಲೆರಡು ವರ್ಷ 37,000, ಆಮೇಲೆ 42,000. ಹೆಣ್ಣುಮಕ್ಕಳಿಗೆ ವಯಸ್ಸಿನಲ್ಲಿ ಐದು ವರ್ಷ ರಿಯಾಯಿತಿ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಜೆಆರ್‌ಎಫ್ ಬೇರೆ ಇದೆ. ಎಂಪಿಎಚ್ ಕೋರ್ಸ್ ಪೂರ್ತಿ ಈ ಒಂದು ಮಾತನ್ನ ಯಾವ ಮೇಷ್ಟ್ರೂ ಆಕೆಗೆ ಹೇಳಿಲ್ಲ. ನೆಟ್ ಅಂದ್ರೆ ಲೆಕ್ಚರರ್ ಆಗೋರು ಬರೆಯೋ ಪರೀಕ್ಷೆ ಅಂದ್ಕೊಂಡಿದ್ದಳು. ಕಾಲೇಜಿನ ಹೆಸರು ಬರೆಯಲ್ಲ, ಬರೆದರೆ ಫೋನ್ ಮಾಡ್ತಾರೆ. ಅಷ್ಟಕ್ಕೂ ಒಂದೇ ಕಾಲೇಜಿನ ಕಥೆಯಲ್ಲ ಇದು.

ನನ್ನ ದೂರು ಇಷ್ಟೇ. ರಾಯಚೂರು, ಕೊಪ್ಪಳ ಅಂದ್ರೆ ದೇಶದ ಸಂಶೋಧಕರಿಗೆಲ್ಲ ಪ್ರೀತಿ. ಹಲ್ಲು ಕೆಡಿಸೋ ಫ್ಲೋರೈಡ್ ನೀರು ಬೇಕಾ, ಬನ್ನಿ ಇಲ್ಲಿಗೆ. ಅಪೌಷ್ಟಿಕತೆ ಬೇಕಾ, ಇದೆ. ಗುಳೆ ಹೋಗೋ ಕುಟುಂಬ, ದೇವದಾಸಿ ತಾಯಂದಿರು, ಹತ್ತಿ ಹೊಲದ ಔಷಧಿ ಸಿಂಪಡಣೆ, ಬಳ್ಳಾರಿ ಕಡೆಯ ಗಣಿ ಧೂಳು, ಎಲ್ಲಾ ಸಿಗುತ್ತೆ. 2002ರ ನಂಜುಂಡಪ್ಪ ವರದಿ ರಾಜ್ಯದ 39 ತಾಲೂಕುಗಳನ್ನ ಅತ್ಯಂತ ಹಿಂದುಳಿದವು ಅಂತ ಗುರುತು ಮಾಡಿತು, ದೇವದುರ್ಗ ಅದರಲ್ಲಿದೆ. 2018ರಲ್ಲಿ ಕೇಂದ್ರ ಸರ್ಕಾರ 'ಮಹತ್ವಾಕಾಂಕ್ಷಿ ಜಿಲ್ಲೆ'ಗಳ ಪಟ್ಟಿ ಮಾಡಿತು, ಕರ್ನಾಟಕದಿಂದ ರಾಯಚೂರು, ಯಾದಗಿರಿ. ಇಂಥ ಪಟ್ಟಿಗಳಲ್ಲಿ ನಾವು ತಪ್ಪದೆ ಇರ್ತೀವಿ. ಫೆಲೋಶಿಪ್ ಸಿಕ್ಕವರ ಪಟ್ಟಿ ಬಂದಾಗ ಮಾತ್ರ ನಮ್ಮವರ ಹೆಸರನ್ನ ಭೂತಗನ್ನಡಿ ಹಿಡಿದು ಹುಡುಕಬೇಕು. ನಮ್ಮ ಹಲ್ಲು, ನಮ್ಮ ರಕ್ತ, ನಮ್ಮ ನೀರು ಬೇರೆಯವರ ಪ್ರಬಂಧ ಆಗುತ್ತೆ. ನಮ್ಮ ಮಕ್ಕಳು ಅದರಲ್ಲಿ ದುಭಾಷಿ.

ಆ ಪಿಎಚ್‌ಡಿ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಒಳ್ಳೆಯ ಹುಡುಗಿ. ಗುಳಿಗೆ ಪಟ್ಟಿ ನೋಡಿದ ಮೇಲೆ ಹಿಂದಿನ ಮನೆಗಳಿಗೆ ಮತ್ತೆ ಹೋಗೋಣ ಅಂತ ತಾನೇ ಹೇಳಿದಳು. ಆದರೆ ಹೊಟ್ಟೆಕಿಚ್ಚು ಆಯ್ತಾ? ಆಯ್ತು. ರಾತ್ರಿ ರೊಟ್ಟಿ ಗಂಟಲಲ್ಲಿ ಇಳೀಲಿಲ್ಲ. ನನಗೂ ಒಂದು ಕಾಲದಲ್ಲಿ ಪಿಎಚ್‌ಡಿ ಮಾಡೋ ಆಸೆ ಇತ್ತು, ಯಾಕೆ ಆಗಲಿಲ್ಲ ಅಂತ ಹಳೇ ಸ್ನೇಹಿತರಿಗೆ ಗೊತ್ತು. ಆ ಕಥೆ ಇಲ್ಲಿ ಬೇಡ.

ಈಗ ಬರ್ತಾರೆ ನೋಡಿ ಬುದ್ಧಿವಂತರು. 'ಎಲ್ಲಾ ಗೂಗಲ್‌ನಲ್ಲಿ ಇದೆಯಲ್ಲ ಮೇಡಂ, ಆಸಕ್ತಿ ಇದ್ದವರು ಹುಡುಕ್ತಾರೆ.' ಹೌದಪ್ಪ, ಇದೆ. ಯಾವುದನ್ನ ಹುಡುಕಬೇಕು ಅಂತ ಗೊತ್ತಿದ್ದವರಿಗೆ ಇದೆ. ಬ್ರಿಟನ್‌ಗೆ ಓದೋಕೆ ಕಳಿಸೋ ಚೀವ್ನಿಂಗ್ ಸ್ಕಾಲರ್‌ಶಿಪ್‌ನ ಹೆಸರೇ ಕೇಳದ ಹುಡುಗಿ ಏನಂತ ಟೈಪ್ ಮಾಡಬೇಕು? 'ಸ್ಕಾಲರ್‌ಶಿಪ್' ಅಂತ ಹೊಡೆದು ನೋಡಿ ಒಂದ್ಸಲ. ಮೊದಲು ಬರೋದು ಮೊಬೈಲ್ ನಂಬರ್ ಕೇಳೋ ಜಾಹೀರಾತುಗಳು. ನಂಬರ್ ಕೊಟ್ಟರೆ ಮರುದಿನದಿಂದ ಕನ್ಸಲ್ಟೆನ್ಸಿಯವರ ಫೋನ್. 'ಸೀಟು ಗ್ಯಾರಂಟಿ, ಪ್ರೊಸೆಸಿಂಗ್ ಫೀ ಕಟ್ಟಿ.' ದುಡ್ಡು ಕಟ್ಟಿ ಕೈ ಸುಟ್ಟುಕೊಂಡವರು ನಮ್ಮ ಸಿಂಧನೂರು, ಗಂಗಾವತಿ ಕಡೆ ಕೂಡ ಇದ್ದಾರೆ. ಚೀವ್ನಿಂಗ್‌ಗಾಗಲಿ ಅಮೆರಿಕದ ಫುಲ್‌ಬ್ರೈಟ್‌ಗಾಗಲಿ ಅರ್ಜಿ ಹಾಕೋಕೆ ಒಂದು ಪೈಸೆ ಫೀ ಇಲ್ಲ, ಗೊತ್ತಿರಲಿ.

ದೆಹಲಿ, ಬೆಂಗಳೂರಿನ ಹಾಸ್ಟೆಲ್ ಹುಡುಗರು ಗೂಗಲ್ ನೋಡಿ ಅರ್ಜಿ ಹಾಕ್ತಾರೆ ಅಂದ್ಕೊಂಡಿದ್ದೀರಾ? ಪಕ್ಕದ ರೂಮಿನ ಸೀನಿಯರ್‌ಗೆ ಹೋದ ವರ್ಷ ಸಿಕ್ಕಿರುತ್ತೆ. ಆತ ತನ್ನ ಪ್ರಬಂಧ ಕೊಡ್ತಾನೆ, ಎಲ್ಲಿ ತಪ್ಪಿದೆ ಅಂತ ತಿದ್ದುತ್ತಾನೆ, ಇಂಟರ್ವ್ಯೂನಲ್ಲಿ ಏನು ಕೇಳಿದರು ಅಂತ ಹೇಳ್ತಾನೆ. ಶಿಫಾರಸು ಪತ್ರ ಬರೆಯೋ ಪ್ರೊಫೆಸರಿಗೆ ವಿದ್ಯಾರ್ಥಿಯ ಹೆಸರು, ಕೆಲಸ ಎರಡೂ ಗೊತ್ತಿರುತ್ತೆ. ನಮ್ಮಲ್ಲಿ? 'ನೀನೇ ಬರ್ಕೊಂಡು ಬಾರವಾ, ಸೈನ್ ಹಾಕ್ತೀನಿ.' ಆಕೆ ಪಾಪ ಯಾವತ್ತೂ ಅಂಥ ಪತ್ರ ನೋಡಿರಲ್ಲ. 'ಈ ವಿದ್ಯಾರ್ಥಿನಿ ಶಿಸ್ತುಬದ್ಧಳು, ಒಳ್ಳೆಯ ನಡತೆಯುಳ್ಳವಳು' ಅಂತ ಬರ್ಕೊಂಡು ಹೋಗ್ತಾಳೆ. ಅದಕ್ಕೇ ಸೈನ್, ಅದಕ್ಕೇ ಸೀಲು. ಗುಳಿಗೆ ಪಟ್ಟಿ ಹೊರಗೆ ತರಿಸಿದ ಕಥೆ ಆ ಪತ್ರದಲ್ಲಿ ಇರಬೇಕಿತ್ತು ಅಲ್ವಾ?

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇ ಭಾಗದ ರೈತರನ್ನ ಕೇಳಿ. ಡ್ಯಾಂ ತುಂಬಿದ ಸುದ್ದಿ ಪೇಪರ್‌ನಲ್ಲಿ ಬರುತ್ತೆ, ನೀರು ಮೇಲಿನವರ ಭತ್ತಕ್ಕೇ ಮುಗಿಯುತ್ತೆ. ಫೆಲೋಶಿಪ್ ಸುದ್ದಿಯೂ ನಮಗೆ ಹಾಗೇ ಬರೋದು. ವಾಟ್ಸಾಪ್ ಫಾರ್ವರ್ಡ್ ಬಂದಾಗ ಕೊನೇ ದಿನಾಂಕ ಹೋಗಿ ವಾರ ಆಗಿರುತ್ತೆ.

ಇನ್ನು ಇರೋದಾದರೂ ಏನೇನು ಅಂತ ಕೇಳ್ತೀರಾ? ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಅಂತ ಕೇಂದ್ರದ್ದೊಂದಿದೆ. ವರ್ಷಕ್ಕೆ 125 ಜನಕ್ಕೆ, ವಿದೇಶದಲ್ಲಿ ಸ್ನಾತಕೋತ್ತರ ಅಥವಾ ಪಿಎಚ್‌ಡಿ ಮಾಡೋಕೆ. ಕುಟುಂಬದ ಆದಾಯ 8 ಲಕ್ಷದ ಒಳಗಿರಬೇಕು, ವಯಸ್ಸು 35ರ ಒಳಗೆ. ಪರಿಶಿಷ್ಟ ಜಾತಿಯವರಿಗೆ ಅಂತ ಎಲ್ಲರಿಗೂ ಗೊತ್ತು. ಆದರೆ ಅಲೆಮಾರಿ ಸಮುದಾಯದವರು, ಭೂಮಿ ಇಲ್ಲದ ಕೃಷಿ ಕೂಲಿಕಾರರ ಮಕ್ಕಳು, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳು ಕೂಡ ಹಾಕಬಹುದು. ಭೂಮಿ ಇಲ್ಲದ ಕೂಲಿಕಾರರು! ಮಾನ್ವಿ, ಮಸ್ಕಿ, ದೇವದುರ್ಗ, ಯಲಬುರ್ಗಾ, ಕುಷ್ಟಗಿಯಲ್ಲಿ ಇಂಥ ಮನೆಗಳಿಗೆ ಬರ ಇದೆಯಾ? ಆ ಮನೆಯ ಮಕ್ಕಳಿಗೆ ಇದನ್ನ ಹೇಳಿದ ಒಬ್ಬ ಪುಣ್ಯಾತ್ಮನ್ನ ತೋರಿಸಿ. ಪರಿಶಿಷ್ಟ ಪಂಗಡದವರಿಗೆ ದೇಶದೊಳಗೆ ಪಿಎಚ್‌ಡಿ ಮಾಡೋಕೆ ವರ್ಷಕ್ಕೆ 750 ರಾಷ್ಟ್ರೀಯ ಫೆಲೋಶಿಪ್ ಇವೆ. ರಾಯಚೂರು, ಬಳ್ಳಾರಿ ತುಂಬ ನಾಯಕ ಸಮುದಾಯ ಇದೆ. ಅಲ್ಪಸಂಖ್ಯಾತರಿಗೆ ಮೌಲಾನಾ ಆಜಾದ್ ಫೆಲೋಶಿಪ್ ಅಂತ ಇತ್ತು, 2022ರಲ್ಲಿ ನಿಲ್ಲಿಸಿದರು. ಇತ್ತು ಅಂತ ಗೊತ್ತಾಗೋ ಮೊದಲೇ ಹೋಯ್ತು ನಮ್ಮ ಎಷ್ಟೋ ಹುಡುಗಿಯರಿಗೆ.

ಚೀವ್ನಿಂಗ್ ಬ್ರಿಟನ್ ಸರ್ಕಾರದ್ದು. ಒಂದು ವರ್ಷದ ಮಾಸ್ಟರ್ಸ್, ಪೂರ್ತಿ ಖರ್ಚು ಅವರದ್ದೇ. 2,800 ಗಂಟೆ ಕೆಲಸದ ಅನುಭವ ಕೇಳ್ತಾರೆ, ಅಂದ್ರೆ ಸುಮಾರು ಎರಡು ವರ್ಷ. ಮುಗಿಸಿ ವಾಪಸ್ ಬಂದು ಎರಡು ವರ್ಷ ಇಲ್ಲೇ ಇರಬೇಕು. ಇಲ್ಲಿ ಎನ್‌ಜಿಒಗಳಲ್ಲಿ ಬಿಸಿಲಲ್ಲಿ ಸುತ್ತಿದ ನಮ್ಮ ಹುಡುಗಿಯರಿಗೆ ಅನುಭವಕ್ಕೇನು ಕಡಿಮೆ? ಫುಲ್‌ಬ್ರೈಟ್-ನೆಹರು ಮಾಸ್ಟರ್ಸ್ ಫೆಲೋಶಿಪ್ ಅಮೆರಿಕಕ್ಕೆ, ಅದರ ವಿಷಯಗಳ ಪಟ್ಟಿಯಲ್ಲೇ ಸಾರ್ವಜನಿಕ ಆರೋಗ್ಯ ಇದೆ, ಮೂರು ವರ್ಷದ ಅನುಭವ ಬೇಕು. ಜರ್ಮನಿಯ ಡಿಎಎಡಿ ಅನ್ನೋ ಸಂಸ್ಥೆಯಲ್ಲಿ ಅಭಿವೃದ್ಧಿಗೆ ಸಂಬಂಧಿಸಿದ ಕೋರ್ಸ್‌ಗಳಿಗೆ ಪ್ರತ್ಯೇಕ ವಿದ್ಯಾರ್ಥಿವೇತನ ಇದೆ, ಅಲ್ಲಿಯೂ ನಮ್ಮ ವಿಷಯ ಇದೆ. ಜೆ.ಎನ್. ಟಾಟಾ ಎಂಡೋಮೆಂಟ್ 1892ರಿಂದ ಕೊಡ್ತಿದೆ, ಆದರೆ ಅದು ಸಾಲ, ತೀರಿಸಬೇಕು. ಇದನ್ನೂ ಹೇಳಬೇಕು, ಇಲ್ಲಾಂದ್ರೆ ಅಪ್ಪ ಅಮ್ಮ ಆಮೇಲೆ ನನ್ನ ಮನೆ ಬಾಗಿಲಿಗೆ ಬರ್ತಾರೆ.

ಗೊತ್ತಾದ ಮಾತ್ರಕ್ಕೆ ಎಲ್ಲಾ ಸಲೀಸು ಅಂತಲ್ಲ. ನೆಟ್ ಪ್ರಶ್ನೆಪತ್ರಿಕೆ ಭಾಷಾ ವಿಷಯಗಳನ್ನ ಬಿಟ್ಟರೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಹಿಂದಿಯವನಿಗೆ ಅವನ ಭಾಷೆ, ನಮಗೆ? ವಿದೇಶಕ್ಕೆ ಹೋಗೋರ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಬರೆಯೋಕೆ ಹದಿನೈದು ಸಾವಿರದ ಮೇಲೆ ಫೀ. ಬಸ್ಸು, ರೂಮು ಬೇರೆ. ಬೇಕಾದಷ್ಟು ಅಂಕ ಬರದಿದ್ದರೆ ಅದೂ ಹೋಯ್ತು. ರಾಜ್ಯದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಅನ್ನೋ ಪೋರ್ಟಲ್, ಕೇಂದ್ರದ್ದಕ್ಕೆ ಬೇರೆ ಪೋರ್ಟಲ್. ಜಾತಿ ಆದಾಯ ಪತ್ರದ ಆರ್‌ಡಿ ನಂಬರ್ ಹಾಕಿದರೆ ಹೆಸರು ಮ್ಯಾಚ್ ಆಗಲ್ಲ, ಯಾಕಂದ್ರೆ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ. ಮತ್ತೆ ನಾಡಕಚೇರಿ. ಸರ್ವರ್ ಡೌನ್. ಬ್ಯಾಂಕಿಗೆ ಹೋದರೆ ಆಧಾರ್ ಸೀಡಿಂಗ್ ಆಗಿಲ್ಲ ಅಂತಾರೆ. ದುಡ್ಡು ಬರೋ ಹೊತ್ತಿಗೆ ಕೋರ್ಸ್ ಮುಗಿದಿರುತ್ತೆ, ಹುಡುಗಿಗೆ ಮದುವೆಯೂ ಆಗಿರುತ್ತೆ.

ಏಮ್ಸ್ ಬೇಕು ಅಂತ ರಾಯಚೂರಲ್ಲಿ 2022ರಲ್ಲಿ ಧರಣಿ ಶುರುವಾಯ್ತಲ್ಲ, ನಾನೂ ಹೋಗಿ ಕೂತಿದ್ದೆ. ಈಗ ಕರೆದರೂ ಕೂರ್ತೀನಿ. ಆದರೆ ಒಂದು ಪ್ರಶ್ನೆ ಅಲ್ಲಿ ಯಾರೂ ಕೇಳಲಿಲ್ಲ. ಕಟ್ಟಡ ಎದ್ದ ಮೇಲೆ ಅದರೊಳಗೆ ಸಂಶೋಧನೆ ಮಾಡೋರು ಯಾರು? ಮತ್ತೆ ಹೊರಗಿನವರು, ಮತ್ತೆ ನಮ್ಮ ಹುಡುಗಿಯರು ದಿನಗೂಲಿ?

ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡೋ ಸಂವಿಧಾನದ 371ಜೆ ವಿಧಿ ಬಂತು, ಹೈದರಾಬಾದ್ ಕರ್ನಾಟಕದ ಹೆಸರು ಬದಲಾಗಿ ಕಲ್ಯಾಣ ಕರ್ನಾಟಕ ಆಯ್ತು. ಈ ಭಾಗದ ಅಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ಅಂತ ಬಜೆಟ್‌ನಲ್ಲಿ ಓದ್ತಾರೆ. ರಸ್ತೆ ಮಾಡಿ, ಶಾಲೆ ಕೋಣೆ ಕಟ್ಟಿ, ಬೇಡ ಅನ್ನಲ್ಲ. ಆ ದುಡ್ಡಿನ ಒಂದು ಚೂರಲ್ಲಿ ಈ ಜಿಲ್ಲೆಗಳಲ್ಲಿ ಹುಟ್ಟಿ ಬೆಳೆದ ಎಂಪಿಎಚ್, ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ) ಓದಿದ ಹುಡುಗ ಹುಡುಗಿಯರಿಗೆ ತಮ್ಮೂರಿನ ನೀರು, ತಮ್ಮೂರಿನ ರಕ್ತಹೀನತೆ ಬಗ್ಗೆ ಸಂಶೋಧನೆ ಮಾಡೋಕೆ ಒಂದಿಷ್ಟು ಫೆಲೋಶಿಪ್ ಕೊಟ್ಟರೆ ಆಕಾಶ ಬೀಳುತ್ತಾ? ಅದಕ್ಕೆ ಗುದ್ದಲಿ ಪೂಜೆ ಮಾಡೋಕಾಗಲ್ಲ, ಕಲ್ಲಿನ ಮೇಲೆ ಶಾಸಕರ ಹೆಸರು ಕೆತ್ತಿಸೋಕಾಗಲ್ಲ, ಅದೇ ತಾನೇ ತೊಂದರೆ?

ಮೇಷ್ಟ್ರುಗಳು ಬೇಜಾರು ಮಾಡ್ಕೊಂಡರೆ ಮಾಡ್ಕೊಳ್ಳಿ. ಗೆಸ್ಟ್ ಲೆಕ್ಚರರ್‌ಗಳ ಮೇಲೆ ನನ್ನ ಸಿಟ್ಟಿಲ್ಲ, ಅವರಿಗೇ ಸಂಬಳ ನೆಟ್ಟಗೆ ಬರಲ್ಲ. ಕಾಯಂ ಆಗಿ ಕೂತವರಿಗೆ ಹೇಳ್ತಿದ್ದೀನಿ. ಕ್ಲಾಸ್ ಮುಗಿಯೋಕೆ ಐದು ನಿಮಿಷ ಇರುವಾಗ 'ಕೋಡ್ 82' ಅಂತ ಬೋರ್ಡ್ ಮೇಲೆ ಬರೆದರೆ ಸಾಕು.

ಈ ಶನಿವಾರ ಸಂಜೆ ನಮ್ಮ ಆಫೀಸ್ ತೆರೆದಿರುತ್ತೆ. ಎಂಪಿಎಚ್, ಎಂಎಸ್‌ಡಬ್ಲ್ಯೂ, ನರ್ಸಿಂಗ್ ಮಾಡಿದವರು, ಮಾಡ್ತಿರೋರು ಯಾರಾದರೂ ಬನ್ನಿ. ಕೊಪ್ಪಳದವರು ಬಸ್ ನೋಡ್ಕೊಂಡು ಹೊರಡಿ. ಮಾರ್ಕ್ಸ್ ಕಾರ್ಡ್, ಆಧಾರ್, ಜಾತಿ ಆದಾಯ ಪತ್ರ ತನ್ನಿ, ಹೆಸರು ಮೂರರಲ್ಲೂ ಒಂದೇ ಥರ ಇದೆಯಾ ಅಂತ ಮೊದಲು ಅದನ್ನೇ ನೋಡೋಣ. ಚೀವ್ನಿಂಗ್ ಅರ್ಜಿ ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ತೆರೆದು ಅಕ್ಟೋಬರ್‌ನಲ್ಲಿ ಮುಚ್ಚುತ್ತೆ, ಅದಕ್ಕೆ ಪ್ರಬಂಧ ಈಗಿಂದಲೇ ಬರೆಯಬೇಕು. ತಿದ್ದಿ ಕೊಡೋಕೆ ಬೆಂಗಳೂರಿನ ಇಬ್ಬರು ಗೆಳತಿಯರು ಒಪ್ಪಿದ್ದಾರೆ. ಪ್ರಿಂಟರ್ ಇದೆ, ಇಂಟರ್‌ನೆಟ್ ಇದೆ. ಲ್ಯಾಪ್‌ಟಾಪ್ ಮಾತ್ರ ಪೂರ್ತಿ ಚಾರ್ಜ್ ಮಾಡ್ಕೊಂಡು ಬನ್ನಿ. ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್ ವಿದ್ಯುತ್ ಸ್ಥಾವರ ಇದ್ದರೂ ನಮ್ಮ ಓಣಿಯಲ್ಲಿ ಸಂಜೆ ಕರೆಂಟ್ ಇರಲ್ಲ.