ಕೋಟು ಹಾಕಿದ ದೊಡ್ಡಪ್ಪ

ನಮ್ಮ ದೊಡ್ಡಪ್ಪ ಬದುಕಿದ್ದಷ್ಟು ದಿನ ಕೋಟು ಮುಟ್ಟಿದವರಲ್ಲ. ಬಿಳಿ ಪಂಚೆ, ಅರ್ಧ ತೋಳಿನ ಶರ್ಟು, ಜೇಬಿನಲ್ಲೊಂದು ಪೆನ್ನು. ಅಷ್ಟೇ. ಈಗ ಹನುಮಂತನಗರದ ಮನೆಯ ಹಾಲ್‌ನಲ್ಲಿ, ಗಂಧದ ಹಾರದ ಹಿಂದೆ, ನೀಲಿ ಕೋಟು ಮೆರೂನ್ ಟೈ ಹಾಕಿಕೊಂಡು ನಗುತ್ತಿದ್ದಾರೆ.

ಅದಕ್ಕೆ ಕಾರಣ ನಾನೇ. ವೈಕುಂಠ ಸಮಾರಾಧನೆಗೆ ಇನ್ನೆರಡು ದಿನ ಇತ್ತು. ಫೋಟೋ ಬೇಕು ಅಂದರು. ಅದೇನು ಮಹಾ, ನನ್ನೊಬ್ಬನ ಫೋನಿನಲ್ಲೇ 11 ಸಾವಿರ ಫೋಟೋ ಇದೆ ಅಂದುಕೊಂಡೆ. ರಾತ್ರಿ ಕೂತು ಹುಡುಕಿದೆ. ಮಾಲ್ ಪಾರ್ಕಿಂಗ್‌ನ ಕಂಬದ ನಂಬರು, ಗ್ಯಾಸ್ ಬಿಲ್ಲು, ಮಸಾಲೆ ದೋಸೆ. ಅದೂ ಒಂದೇ ದೋಸೆಯದ್ದು ನಾಲ್ಕು. ದೊಡ್ಡಪ್ಪ ಒಂದರಲ್ಲಿ ಅರ್ಧ ಕಿವಿ, ಇನ್ನೊಂದರಲ್ಲಿ ಬಾಳೆಲೆ ಮೇಲೆ ಬಗ್ಗಿದ ತಲೆ. ಕೊನೆಗೆ ಸಿಕ್ಕಿದ್ದು ತಂಗಿ ಮದುವೆಯ ಗ್ರೂಪ್ ಫೋಟೋ. ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ್ದು.

ಸ್ಟುಡಿಯೋ ಹುಡುಗ ಸ್ಕ್ರೀನಿನಲ್ಲಿ ದೊಡ್ಡದು ಮಾಡಿದ. ಮುಖ ಚೌಕ ಚೌಕವಾಗಿ ಒಡೆಯಿತು. "ಇಂಚಿಗೆ 300 ಪಿಕ್ಸೆಲ್ ಲೆಕ್ಕ ಸರ್. 12×18 ನೀಟಾಗಿ ಬರ್ಬೇಕಂದ್ರೆ ಉದ್ದಕ್ಕೆ 5400 ಬೇಕು. ಇಲ್ಲಿ ಇಡೀ ಮದುವೆ ಮನೆ ಸೇರಿ 1600 ಇದೆ. ನಿಮ್ಮೋರ ಮುಖ 200 ಇದ್ರೆ ಹೆಚ್ಚು." ಅರ್ಧ ಭುಜ ಬೇರೆ ಅತ್ತೆಯ ಸೆರಗಿನ ಹಿಂದೆ ಇತ್ತು. "ಕೋಟ್ ಹಾಕ್ಲಾ ಸರ್?" ಎಂದ. ಅವನ ಹತ್ತಿರ ರೆಡಿ ಕೋಟುಗಳ ಒಂದು ಫೋಲ್ಡರೇ ಇತ್ತು. ನಾನು ಹೂಂ ಅಂದುಬಿಟ್ಟೆ.

ನಮ್ಮ ಮನೆಗಳಲ್ಲಿ ಗೋಡೆ ಏರಬೇಕಾದರೆ ಒಂದೋ ದೇವರಾಗಿರಬೇಕು, ಇಲ್ಲಾ ತೀರಿಕೊಂಡಿರಬೇಕು. ಹೊಸ ಮದುವೆ ಜೋಡಿಗೆ ಸ್ವಲ್ಪ ರಿಯಾಯಿತಿ. ಮಿಕ್ಕವರೆಲ್ಲ ಫೋನಿನೊಳಗೇ. ನನಗಿದು ಸರಿ ಅನ್ನಿಸಲ್ಲ. ಬದುಕಿರೋರ ಫೋಟೋ ಹಾಕಬೇಕು, ಅವರು ದಿನಾ ಹೇಗಿರ್ತಾರೋ ಹಾಗೆ. ಅಮ್ಮನದ್ದು ಪ್ರಿಂಟ್ ಹಾಕಿಸಿ ತಂದರೆ "ನಾನಿನ್ನೂ ಇದ್ದೀನಿ ಕಣೋ!" ಅಂತ ರೇಗಿದಳು. ಮೂರು ಜನ ನಿಂತ ಫೋಟೋ ಆಗಿಬರಲ್ಲ ಅಂತ ಇನ್ನೊಂದು ತಕರಾರು. ನಾನು ಕೇಳಲಿಲ್ಲ.

11 ಸಾವಿರದಲ್ಲಿ ಒಂಬತ್ತು ಆರಿಸಿದೆ. ಕಷ್ಟ ಇರೋದು ಆರಿಸೋದರಲ್ಲೇ. ಮೂರು ಭಾನುವಾರ ಹೋಯಿತು. ಮೊದಲ ಸಲ 4×6 ಹಾಕಿಸಿ ಪೆಚ್ಚಾದೆ. ಅಮ್ಮನ ತಲೆ, ಮಗಳ ಪಾದ, ಎರಡೂ ಹಾರಿಹೋಗಿದ್ದವು. ಫೋನಿನ ಫೋಟೋ ಸಾಮಾನ್ಯವಾಗಿ 4:3 ಅಳತೆಯದ್ದು. 4×6 ಕಾಗದಕ್ಕೆ ತುಂಬಿಸಿದರೆ ಅರ್ಧ ಇಂಚು ಕತ್ತರಿಸಿಹೋಗುತ್ತೆ. 6×8 ಹಾಕಿಸಿದರೆ ಏನೂ ಹೋಗಲ್ಲ. 12 ಮೆಗಾಪಿಕ್ಸೆಲ್ ಫೋಟೋಗೆ ಅದು ಧಾರಾಳವಾಯಿತು. ಕಟ್ಟು ಹಾಕಿಸುವಾಗ ಫೋಟೋಗೂ ಗಾಜಿಗೂ ಮಧ್ಯೆ ಮೌಂಟ್ ಬೋರ್ಡ್, ಅಂದ್ರೆ ನಡುವೆ ಕಿಟಕಿ ಥರ ಕತ್ತರಿಸಿದ ದಪ್ಪ ರಟ್ಟು, ಇಡೋಕೆ ಹೇಳಿ. ಇಲ್ಲಾಂದ್ರೆ ಮಳೆಗಾಲದ ತೇವಕ್ಕೆ ಫೋಟೋ ಗಾಜಿಗೇ ಅಂಟಿಕೊಳ್ಳುತ್ತೆ, ಕಿತ್ತರೆ ಮೂಗು ಗಾಜಿನ ಮೇಲೇ ಉಳಿಯುತ್ತೆ. ಬಿಸಿಲು ಬೀಳೋ ಗೋಡೆಯಂತೂ ಬೇಡವೇ ಬೇಡ. ಬಣ್ಣ ನಿಲ್ಲಲ್ಲ.

ಗೋಡೆಯದ್ದೇ ಇನ್ನೊಂದು ಕಥೆ. ನಮ್ಮದು ಬಾಡಿಗೆ ಮನೆ. ಮೊಳೆ ಹೊಡೆಯಂಗಿಲ್ಲ ಅಂತ ಓನರ್ ಅಗ್ರಿಮೆಂಟಿನಲ್ಲೇ ಹಾಕಿಸಿದ್ದಾರೆ. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಅಂತ ಅಡ್ವಾನ್ಸ್‌ನಲ್ಲಿ ಒಂದು ತಿಂಗಳ ಬಾಡಿಗೆ ಹಿಡ್ಕೊಳ್ಳೋದಂತೂ ಗ್ಯಾರಂಟಿ. ಆ ದುಡ್ಡಿಗೆ ಆರು ಮೊಳೆಯಾದರೂ ಹೊಡೆಯೋಕೆ ಬಿಡಬಾರದಾ? ಸದ್ಯಕ್ಕೆ ನಾಲ್ಕು ಫೋಟೋ ಶೋಕೇಸ್ ಮೇಲೆ ಒರಗಿವೆ. ಉಳಿದ ಐದು ಅಡುಗೆಮನೆ ಬಾಗಿಲ ಪಕ್ಕ, ಕಿಟಕಿ ಸರಳಿಗೆ ಕಟ್ಟಿದ ದಾರದಲ್ಲಿ, ಬಟ್ಟೆ ಕ್ಲಿಪ್ಪಿನಲ್ಲಿ.

ಡಿಜಿಟಲ್ ಫ್ರೇಮ್ ತಗೋ, ಅದೇ ಬದಲಾಗ್ತಾ ಇರುತ್ತೆ ಅಂತ ಗೆಳೆಯರು ಹೇಳ್ತಾರೆ. ಭಾವನ ಮನೆಯಲ್ಲಿ ಒಂದು ಇತ್ತು. ಹದಿನೈದು ದಿನ ಎಲ್ಲರೂ ನೋಡಿದರು. ಆಮೇಲೆ ಆ ಪ್ಲಗ್ಗು ಮಿಕ್ಸಿಗೆ ಬೇಕಾಯಿತು.

ರೇಗಿದ ಅಮ್ಮನ ಕಥೆ ಕೇಳಿ. ಆ ಫೋಟೋದಲ್ಲಿ ಅವಳು ನೆಲದ ಮೇಲೆ ಕಾಲು ಚಾಚಿ ಕೂತು ಅವರೆಕಾಳು ಹಿದುಕುತ್ತಿದ್ದಾಳೆ. ಮಡಿಲಲ್ಲಿ ಪಾತ್ರೆ, ಹಣೆ ಮೇಲೊಂದು ಸಿಪ್ಪೆ. ಮೊನ್ನೆ ಪಕ್ಕದ ಮನೆಯವರು ಬಂದಾಗ ತಾನೇ ಕರೆದು ತೋರಿಸಿದಳು. "ಅವತ್ತು ಎರಡು ಸೇರು ಒಬ್ಳೇ ಹಿದುಕಿದ್ದೆ!" ಎರಡು ಸೇರು ಸುಳ್ಳು. ಅರ್ಧ ನಾನೇ ಹಿದುಕಿದ್ದು, ಫೋಟೋದಲ್ಲಿ ಇಲ್ಲ ಅಷ್ಟೇ.

ಹೋದ ವಾರ ದೊಡ್ಡಮ್ಮ ಮೆಲ್ಲಗೆ ಕೇಳಿದರು, "ಪಂಚೆ ಉಟ್ಟಿರೋದು ಎಲ್ಲಾದ್ರೂ ಸಿಗುತ್ತೇನೋ?" ಮೂರು ವರ್ಷದ ಮೊಮ್ಮಗ ಅದಾಗಲೇ 'ಕೋಟ್ ತಾತ' ಅನ್ನೋಕೆ ಶುರು ಮಾಡಿದ್ದಾನೆ.

ತಂಗಿ ಮದುವೆಗೆ ಬಂದಿದ್ದವರು ಇಲ್ಲಿ ಸುಮಾರು ಜನ ಇದ್ದೀರಿ. ನಿಮ್ಮ ಫೋನನ್ನೂ ಒಂದ್ಸಲ ತಡಕಾಡಿ ನೋಡಿ. ಊಟದ ಪಂಕ್ತಿಯಲ್ಲಿ ದೊಡ್ಡಪ್ಪ ಬಡಿಸುತ್ತಾ ಓಡಾಡುತ್ತಿದ್ದರು. ಹಿಂದೆ ಎಲ್ಲೋ ಬಿದ್ದಿದ್ದರೂ ಪರವಾಗಿಲ್ಲ. ಸಿಕ್ಕರೆ ವಾಟ್ಸಾಪ್‌ನಲ್ಲಿ ಸುಮ್ನೆ ಫೋಟೋ ಅಂತ ಕಳಿಸಬೇಡಿ, ಮತ್ತೆ ಕುಗ್ಗಿಬಿಡುತ್ತೆ. ಡಾಕ್ಯುಮೆಂಟ್ ಅಂತ ಒತ್ತಿ ಕಳಿಸಿ.