ದಾರಿಬದಿಯ ಹರವಿ

ಶಿವರಾತ್ರಿ ಕಳೆದು ಬಿಸಿಲು ಬಲಿಯತೊಡಗಿದಂತೆ ನಮ್ಮ ಊರುಗಳ ಬೀದಿಗಳಲ್ಲಿ ಅರವಟ್ಟಿಗೆಗಳು ತಲೆಯೆತ್ತುತ್ತವೆ. ಅಂಗಡಿಯ ಕಟ್ಟೆಯ ಮೇಲೋ ಬೇವಿನ ಮರದ ಬುಡದಲ್ಲೋ ಮರಳಿನ ಮೇಲೆ ಕೂರಿಸಿದ ಮಣ್ಣಿನ ಹರವಿ, ಅದರ ಮೈಗೆ ಸುತ್ತಿದ ಒದ್ದೆ ಬಟ್ಟೆ, ಮುಚ್ಚಳದ ಮೇಲೆ ಬೋರಲು ಹಾಕಿದ ಲೋಟ, ಇಷ್ಟೇ ಅದರ ಸಲಕರಣೆ. ದಾನಿಯ ಭಾವಚಿತ್ರ ಮಡಕೆಗಿಂತ ದೊಡ್ಡದಾಗಿರುವ ಅರವಟ್ಟಿಗೆಗಳೂ ಉಂಟು. ಉದ್ಘಾಟನೆಯ ವಾರ ಕಳೆದ ಮೇಲೆ ಅಂಥವುಗಳಲ್ಲಿ ನೀರನ್ನು ಹುಡುಕಬಾರದು.

ಈ ಪದ್ಧತಿ ಬಹಳ ಹಳೆಯದು. ಕನ್ನಡ ಶಾಸನಗಳಲ್ಲಿ ಕೆರೆ, ಬಾವಿ, ಛತ್ರಗಳ ಜೊತೆಗೆ ಅರವಟ್ಟಿಗೆಯ ಉಲ್ಲೇಖವೂ ಬರುತ್ತದೆ. ಅದಕ್ಕೂ ಎಷ್ಟೋ ಮೊದಲು, ಕ್ರಿ.ಪೂ. 3ನೆಯ ಶತಮಾನದಲ್ಲಿ, ಅಶೋಕನು ತನ್ನ ಏಳನೆಯ ಸ್ತಂಭಶಾಸನದಲ್ಲಿ ದಾರಿಯುದ್ದಕ್ಕೂ ಆಲದ ಮರ ನೆಡಿಸಿದ್ದನ್ನು, ಬಾವಿ ತೋಡಿಸಿದ್ದನ್ನು, ಮನುಷ್ಯರಿಗೂ ಪಶುಗಳಿಗೂ ನೀರಿನ ತಾಣ ಮಾಡಿಸಿದ್ದನ್ನು ಹೇಳಿಕೊಂಡು, ಮರುಕ್ಷಣವೇ ಇದೆಲ್ಲ ಅಲ್ಪ ಸುಖ, ಹಿಂದಿನ ಅರಸರೂ ಇಂಥದ್ದನ್ನು ಮಾಡಿದ್ದಾರೆ, ಜನರು ಧರ್ಮವನ್ನು ಆಚರಿಸಲಿ ಎಂಬುದೇ ತನ್ನ ಉದ್ದೇಶ ಎನ್ನುತ್ತಾನೆ. ಚಕ್ರವರ್ತಿಗೆ ಎದುರಾಡಬಾರದು, ಆದರೂ ಏಪ್ರಿಲ್ ತಿಂಗಳ ನಡುಮಧ್ಯಾಹ್ನ ರಾಯಚೂರಿನ ರಸ್ತೆಯಲ್ಲಿ ನಡೆದವನಿಗೆ ಆ ಸುಖ ಅಲ್ಪವೆಂದು ತೋರುವುದಿಲ್ಲ, ಧರ್ಮಾಚರಣೆ ಆ ಲೋಟದಿಂದ ಆಚೆಗೆಲ್ಲೋ ಇದೆ ಎಂಬುದೂ ನನಗೆ ಒಪ್ಪಿಗೆಯಿಲ್ಲ.

ಹೀಗೆ ಹೇಳುವ ಧೈರ್ಯ ನನಗೆ ಬಂದದ್ದು ಉತ್ತರ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿ, ಬಸ್ ನಿಲ್ದಾಣದ ಎದುರಿಗೆ ಅಂಗಡಿ ಇಟ್ಟಿರುವ ದರ್ಜಿಯೊಬ್ಬರಿಂದ. ಬೆಳಿಗ್ಗೆ ಬಾಗಿಲು ತೆರೆದ ಮೇಲೆ ಅವರು ಮೊದಲು ಮುಟ್ಟುವುದು ಹೊಲಿಗೆ ಯಂತ್ರವನ್ನಲ್ಲ, ಹರವಿಯನ್ನು. ನಿನ್ನೆ ಉಳಿದ ನೀರನ್ನು ಮುಂದಿನ ಹೊಂಗೆ ಗಿಡಕ್ಕೆ ಹೊಯ್ದು, ತೆಂಗಿನ ನಾರಿನಿಂದ ಒಳಮೈಯನ್ನು ಉಜ್ಜಿ, ಎರಡು ಸಲ ತೊಳೆದು, ಹೊಸ ನೀರನ್ನು ಸೋಸಿ ತುಂಬುತ್ತಾರೆ. ಸಾಬೂನನ್ನು ಮಾತ್ರ ತಾಗಿಸುವುದಿಲ್ಲ. ಮಣ್ಣು ಅದರ ವಾಸನೆಯನ್ನು ಹೀರಿಕೊಂಡರೆ ಆ ನೀರನ್ನು ಯಾರೂ ಕುಡಿಯಲಾರರು. ಈ ಕೆಲಸ ನಡೆಯುವಾಗ ಅವರು ಯಾರೊಡನೆಯೂ ಮಾತಾಡುವುದಿಲ್ಲ, ಗಿರಾಕಿ ಬಂದು ನಿಂತರೂ ಅವಸರಪಡುವುದಿಲ್ಲ. ಮನಶ್ಶಾಂತಿಗೆಂದು ಮೂರು ದಿನದ ಶಿಬಿರಕ್ಕೆ ಹಣ ಕಟ್ಟಿ ಬಂದವರನ್ನು ನಾನು ಬಲ್ಲೆ; ಅವರಲ್ಲಿ ಯಾರ ಮುಖದಲ್ಲಿಯೂ ಇಷ್ಟು ನೆಮ್ಮದಿಯನ್ನು ಕಂಡ ನೆನಪಿಲ್ಲ. ಶಿಬಿರವನ್ನು ಹಳಿಯುತ್ತಿಲ್ಲ, ಅಲ್ಲಿ ಉಜ್ಜಲು ಹರವಿ ಇರುವುದಿಲ್ಲ ಎಂಬುದಷ್ಟೇ ನನ್ನ ತಕರಾರು. ಕನಿಕರ ಉಕ್ಕಿ ಬಂದ ದಿನ ನೀರು ಕೊಡುವುದು ಸುಲಭ. ಮೈಕೈ ನೋಯುತ್ತಿರುವ ದಿನ, ಮದುವೆಯ ಬಟ್ಟೆಗಳು ರಾಶಿ ಬಿದ್ದಿರುವ ದಿನವೂ ಅದನ್ನೇ ಮಾಡಬೇಕೆಂದರೆ ಕನಿಕರ ರೂಢಿಯಾಗಿ ಬೇರೂರಿರಬೇಕು.

ಹಾಗೆಂದು ಅವರು ಸಾಧುವಲ್ಲ. ಲೋಟವನ್ನು ಸರಪಳಿ ಹಾಕಿ ಕಿಟಕಿಯ ಸರಳಿಗೆ ಬಿಗಿದಿದ್ದಾರೆ. ಯಾಕೆಂದು ಕೇಳಿದರೆ, “ನೀರು ಕುಡದ್ರ ಪುಣ್ಯ ಬರ್ತದ್ರಿ, ಲೋಟ ಒಯ್ದ್ರ ನನಗ ಖರ್ಚು ಬರ್ತದ” ಎನ್ನುತ್ತಾರೆ. ಪ್ರೀತಿಗೆ ಇಷ್ಟು ಲೆಕ್ಕಾಚಾರ ಇದ್ದರೆ ಅದು ಬಾಳಿಕೆ ಬರುತ್ತದೆಂದು ನನ್ನ ಎಣಿಕೆ.

ಬಸ್ ನಿಲ್ದಾಣವೆಂದ ಮೇಲೆ ಜಗಳ ಇರಲೇಬೇಕು. ಒಮ್ಮೆ ಚಿಲ್ಲರೆಯ ವಿಷಯಕ್ಕೆ ಆಟೋ ಚಾಲಕನೂ ಪ್ರಯಾಣಿಕನೂ ಅಂಗಡಿಯ ಮುಂದೆಯೇ ಏರು ದನಿಯಲ್ಲಿ ನಿಂತಾಗ, ದರ್ಜಿ ಪಂಚಾಯಿತಿಗೆ ಇಳಿಯದೆ, ಹಿರಿಯನಾದ ಪ್ರಯಾಣಿಕನ ಕೈಗೆ ಲೋಟ ಹಿಡಿಸಿ, “ಮೊದಲ ನೀರು ಕುಡೀರಿ ಕಾಕಾ, ತಣ್ಣಗದಾವ” ಎಂದರು. ನೀರು ಕುಡಿಯುತ್ತ ಯಾರೂ ಬೈಯಲಾರರು, ಗಂಟಲು ಒಂದೇ ತಾನೆ. ಆ ಅರ್ಧ ನಿಮಿಷದಲ್ಲಿ ಚಾಲಕನ ಬೈಗುಳವೂ ಆಲಿಸುವವರಿಲ್ಲದೆ ಸೊರಗಿತು. ಜಗಳ ಪೂರ್ತಿ ಮುಗಿಯಲಿಲ್ಲ, ಆದರೆ ಮುಂದಿನ ಮಾತು ಹತ್ತು ರೂಪಾಯಿಯ ಬಗ್ಗೆ ಮಾತ್ರ ಇತ್ತು, ತಂದೆ ತಾಯಿಯರ ಬಗ್ಗೆ ಇರಲಿಲ್ಲ.

ಸರಪಳಿಯ ಆ ಒಂದೇ ಲೋಟವನ್ನು ಎಲ್ಲರೂ ಎತ್ತುತ್ತಾರೆ ಎಂಬುದನ್ನು ಸಣ್ಣ ಸಂಗತಿಯೆಂದು ತಳ್ಳಿಹಾಕುವಂತಿಲ್ಲ. ಕೆಲವು ಜಾತಿಯವರಿಗೆ ಪಾತ್ರೆಯನ್ನು ಮುಟ್ಟಗೊಡದೆ, ಎತ್ತರದಿಂದ ಬೊಗಸೆಗೆ ನೀರು ಸುರಿದು, ಅದನ್ನೇ ಪುಣ್ಯವೆಂದು ಬರೆದುಕೊಂಡ ದೇಶ ನಮ್ಮದು. 1927ರ ಮಾರ್ಚ್ 20ರಂದು ಅಂಬೇಡ್ಕರರು ಮಹಾರಾಷ್ಟ್ರದ ಮಹಾಡದಲ್ಲಿ, ದಲಿತರಿಗೆ ಮುಟ್ಟಗೊಡದಿದ್ದ ಚವದಾರ ಕೆರೆಗೆ ಇಳಿದು ನೀರು ಕುಡಿದದ್ದು ಬಾಯಾರಿಕೆಗಲ್ಲ. ಸಂವಿಧಾನದ 15ನೆಯ ವಿಧಿ ಬಾವಿ, ಕೆರೆ, ಸ್ನಾನಘಟ್ಟಗಳನ್ನು ಹೆಸರಿಸಿಯೇ ಅಲ್ಲಿ ಜಾತಿಯ ಭೇದ ಕೂಡದೆಂದು ಹೇಳಬೇಕಾಗಿ ಬಂದದ್ದೂ ಸುಮ್ಮನೆ ಅಲ್ಲ. ಯಾರು ನೀವು ಎಂದು ಕೇಳಿ ಕೊಟ್ಟ ನೀರು ಎಷ್ಟೇ ತಣ್ಣಗಿದ್ದರೂ ಅದರಲ್ಲಿ ದಯೆ ಇರಲಿಲ್ಲ. ನಮ್ಮ ದರ್ಜಿ ಯಾರ ಹೆಸರನ್ನೂ ಕೇಳುವುದಿಲ್ಲ, ಬಟ್ಟೆ ಹೊಲಿಯಲು ಕೊಟ್ಟರೆ ಮಾತ್ರ ಚೀಟಿಯ ಮೇಲೆ ಬರೆದುಕೊಳ್ಳುತ್ತಾರೆ.

ನೀರು ತಣ್ಣಗಾಗುವುದು ಹರವಿಯ ಮೈಯಲ್ಲಿರುವ ಸೂಕ್ಷ್ಮ ರಂಧ್ರಗಳಿಂದ. ಅವುಗಳಿಂದ ಜಿನುಗಿದ ನೀರು ಆರುವಾಗ ಒಳಗಿನ ಶಾಖವನ್ನು ಒಯ್ಯುತ್ತದೆ. ಒಣಹವೆಯ ಬಯಲುಸೀಮೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಮಂಗಳೂರಿನ ಸೆಕೆಯಲ್ಲಿ ಅಷ್ಟಾಗಿ ಇಲ್ಲ. ಗಡಸು ನೀರಿನ ಲವಣ ಕಟ್ಟಿಕೊಂಡು ರಂಧ್ರಗಳು ಕ್ರಮೇಣ ಮುಚ್ಚಿಹೋಗುವುದರಿಂದ ಹಳೆಯ ಹರವಿ ಮೊದಲಿನಷ್ಟು ತಂಪು ಕೊಡುವುದಿಲ್ಲ. ಆದ್ದರಿಂದ ದರ್ಜಿ ಪ್ರತಿ ವರ್ಷವೂ ಸಂತೆಯಲ್ಲಿ ಕುಂಬಾರರ ಮುಂದೆ ಕುಳಿತು, ಒಂದೊಂದನ್ನೇ ಬೆರಳಿನಿಂದ ಬಾರಿಸಿ ದನಿ ಕೇಳಿ, ಐದು ರೂಪಾಯಿ ಕಡಿಮೆ ಮಾಡಿಸಲು ಅರ್ಧ ತಾಸು ಚೌಕಾಸಿ ಮಾಡಿ, ಹೊಸದೊಂದನ್ನು ತರುತ್ತಾರೆ.